ಮುಂಬಯಿಯಲ್ಲೊಂದು ಮಾಳ

ಚಿರತೆ ಬಂದದ್ದು ರಾತ್ರಿ ಎಂಟೂ ಮುಕ್ಕಾಲಿಗೆ. ಅಷ್ಟು ಬೇಗ ಬರಬಾರದಿತ್ತು. ನಾನಿನ್ನೂ ಬುತ್ತಿ ಬಿಚ್ಚಿರಲಿಲ್ಲ. ಹೆಂಡತಿ ಕಟ್ಟಿಕೊಟ್ಟ ಚಪಾತಿಯ ಪೊಟ್ಟಣದ ಕಾಗದವನ್ನು ಸದ್ದಾಗದಂತೆ ಬಿಡಿಸುವುದು ಹೇಗೆಂದು ಯೋಚಿಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಾರ್ಲಿ ಬುಡಕಟ್ಟಿನ ಮಾಮಾ ನನ್ನ ಮೊಣಕಾಲಿನ ಮೇಲೆ ಒಂದು ಬೆರಳಿಟ್ಟು ಒತ್ತಿದರು. ತಲೆ ಎತ್ತಿದೆ. ನಲವತ್ತು ಹೆಜ್ಜೆ ಆಚೆ, ಸಿಮೆಂಟಿನ ನೀರ್ತೊಟ್ಟಿಯ ಅಂಚಿಗೆ ಎದೆಯೂರಿ ಕೂತು ಅದು ನೀರು ಕುಡಿಯುತ್ತಿತ್ತು. ಬಂದದ್ದನ್ನು ನಾನು ನೋಡಲೇ ಇಲ್ಲ. ಮೊದಲಿನಿಂದಲೂ ಅಲ್ಲಿದ್ದ ಕಲ್ಲೊಂದು ಇದ್ದಕ್ಕಿದ್ದಂತೆ ನೀರು ಕುಡಿಯತೊಡಗಿದ ಹಾಗಿತ್ತು. ಆಗಷ್ಟೇ ಮೇಲೆ ಬಂದಿದ್ದ ಹುಣ್ಣಿಮೆಯ ಚಂದ್ರನ ಬೆಳಕಿಗೆ ಮೈಮೇಲಿನ ಚುಕ್ಕೆಗಳು ಕಾಣಲಿಲ್ಲ. ಕಂಡದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು. ಲಪ್, ಲಪ್, ಲಪ್. ನಮ್ಮ ಅಡುಗೆಮನೆಯ ಬೆಕ್ಕು ಹಾಲು ನೆಕ್ಕುವ ಸದ್ದೇ, ತುಸು ದಪ್ಪ, ಅಷ್ಟೆ.

ಎರಡು ನಿಮಿಷವಿರಬಹುದು. ಎದ್ದಿತು, ಮೈ ಕೊಡವಲೂ ಇಲ್ಲ, ಸಾಗುವಾನಿಯ ನೆರಳಿಗೆ ಸರಿಯಿತು. ಒಣಗಿದ ಎಲೆ ಮೊಣಕಾಲುದ್ದ ಬಿದ್ದಿದ್ದ ಆ ಕಾಡಿನಲ್ಲಿ, ಒಂದು ಮೊಲ ಓಡಿದರೂ ಪಾಪಡ ಮುರಿದ ಸದ್ದಾಗುವ ಮೇ ತಿಂಗಳಲ್ಲಿ, ಅದು ನಡೆದ ಸದ್ದು ಮಾತ್ರ ನಮಗೆ ಕೇಳಿಸಲಿಲ್ಲ. ವನರಕ್ಷಕ ಹುಡುಗ ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ ಅರ್ಜಿಯ ನಮೂನೆಯಂಥ ಹಾಳೆಯ ಮೇಲೆ ಮರಾಠಿಯಲ್ಲಿ ಬರೆದ: ಬಿಬಟ್ಯಾ, ಒಂದು, ಗಂಡೋ ಹೆಣ್ಣೋ ತಿಳಿಯದು, 8.46.

ಆಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಡೀ ರಾತ್ರಿ ಯಾವುದಕ್ಕಾಗಿ ಕಾಯಬೇಕೆಂದು ಬಂದಿದ್ದೆವೋ ಅದು ಮುಗಿದುಹೋಗಿತ್ತು. ಬೆಳಗಾಗಲು ಇನ್ನೂ ಹತ್ತು ತಾಸು. ಮಾತಾಡುವಂತಿಲ್ಲ, ಇಳಿಯುವಂತಿಲ್ಲ.

ನಾನು ಕೂತದ್ದು ಯಾವುದೋ ದೂರದ ಅಭಯಾರಣ್ಯದಲ್ಲಲ್ಲ. ಮುಂಬಯಿಯ ಬೆನ್ನಿಗೆ ಅಂಟಿಕೊಂಡ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಯೇವೂರ್ ಭಾಗದಲ್ಲಿ. ಗುಡ್ಡ ಇಳಿದರೆ ಠಾಣೆ, ಗುಡ್ಡ ದಾಟಿದರೆ ಬೊರಿವಲಿ, ದಕ್ಷಿಣಕ್ಕೆ ಸರಿದರೆ ನಮ್ಮ ಮುಲುಂಡ್. ಸುಮಾರು 104 ಚದರ ಕಿಲೋಮೀಟರ್ ಕಾಡು, ಮೂರೂ ಕಡೆಯಿಂದ ಕಟ್ಟಡಗಳು ಒತ್ತಿಕೊಂಡು ಬಂದ ಕಾಡು. ಅದರ ಹೊಟ್ಟೆಯಲ್ಲಿ ಎರಡು ಕೆರೆ: ತುಳಸಿ ಮತ್ತು ವಿಹಾರ್.

ಆ ತುಳಸಿ ಕೆರೆಯೇ ಈ ಪ್ರವಾಸಕ್ಕೆ ಮೂಲ.

ಮುಂಬಯಿಗೆ ಬಂದ ಹೊಸದರಲ್ಲಿ, ಬ್ಯಾಂಕಿನವರೆಲ್ಲ ಸೇರಿ ಕಾನ್ಹೇರಿ ಗುಹೆಗಳಿಗೆ ಪಿಕ್‌ನಿಕ್ ಹೋಗಿದ್ದೆವು. ಉಳಿದವರು ಅಂತ್ಯಾಕ್ಷರಿಯಲ್ಲಿದ್ದಾಗ ನಾನೊಬ್ಬ ಗುಹೆಗಳ ನೆತ್ತಿಯ ಬಂಡೆಗೆ ಹತ್ತಿದೆ. ಹಸಿರು ಬೆಟ್ಟಗಳ ನಡುವೆ ಒಂದು ನೀರು ಹೊಳೆಯಿತು. ಸುತ್ತ ಒಂದು ಮನೆಯಿಲ್ಲ, ಒಂದು ದೋಣಿಯಿಲ್ಲ, ದಡದಲ್ಲಿ ಬಟ್ಟೆ ಒಗೆಯುವವರಿಲ್ಲ. ಸಿದ್ದಾಪುರದ ಘಟ್ಟದಿಂದ ಬಂದು ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದು ಒಂದು ವರ್ಷ ಕಳೆದವನಿಗೆ ಆ ನೀರು ಕಂಡು ಗಂಟಲು ಕಟ್ಟಿತು. ಅದರ ದಡದಲ್ಲಿ ಒಂದು ರಾತ್ರಿ ಮಲಗಬೇಕು ಎಂದುಕೊಂಡೆ. ಅಂದುಕೊಂಡು ನಲವತ್ತು ವರ್ಷ ಆಯಿತು. ನಡುವೆ ಮಕ್ಕಳ ಶಾಲೆ, ಮನೆಯ ಸಾಲ, ವರ್ಗಾವಣೆ, ಮಂಡಿನೋವು.

ನಿವೃತ್ತಿಯಾದ ಮೇಲೆ ಉದ್ಯಾನದ ಒಬ್ಬ ಅಧಿಕಾರಿಯನ್ನು ಕೇಳಿಯೇಬಿಟ್ಟೆ. ತುಳಸಿ ದಡದಲ್ಲಿ ಡೇರೆ ಹಾಕಿ ಒಂದು ರಾತ್ರಿ ಇರಬಹುದೇ? ಆತ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮೂರು ಕಾರಣ ಹೇಳಿದ. ಅದು ಕುಡಿಯುವ ನೀರು. ಅದರಲ್ಲಿ ಮೊಸಳೆಗಳಿವೆ. ಮತ್ತೆ, ನಿಮಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ ಎನ್ನಲಾಗುವುದಿಲ್ಲ. ಮೊದಲ ಎರಡಕ್ಕಿಂತ ಮೂರನೆಯದೇ ನನಗೆ ಸರಿ ಕಂಡಿತು.

ಇಷ್ಟು ಜೋಪಾನ ಮಾಡುವ ತುಳಸಿಯಿಂದ ಮುಂಬಯಿಗೆ ಎಷ್ಟು ನೀರು ಸಿಗುತ್ತದೆಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ನಗರಕ್ಕೆ ನೀರು ಕೊಡುವ ಏಳು ಜಲಾಶಯಗಳಲ್ಲಿ ತೀರಾ ಚಿಕ್ಕದು ಅದು. ಮುಂಬಯಿ ದಿನಕ್ಕೆ ಸುಮಾರು 385 ಕೋಟಿ ಲೀಟರ್ ಕುಡಿಯುತ್ತದೆ, ಮೀಯುತ್ತದೆ, ಒಗೆಯುತ್ತದೆ, ಸೋರಿಸುತ್ತದೆ. ತುಳಸಿಯ ಪಾಲು ದಿನಕ್ಕೆ 1.8 ಕೋಟಿ ಲೀಟರ್. ನೂರು ಕೊಡಕ್ಕೆ ಅರ್ಧ ಕೊಡವೂ ಇಲ್ಲ. ಕೋಡಿ ಬೀಳುವಷ್ಟು ತುಂಬಿದ ತುಳಸಿಯನ್ನು ಇಡೀ ನಗರಕ್ಕೆ ಬಿಟ್ಟರೆ ಎರಡು ದಿನಕ್ಕೆ ಬರಿದಾದೀತು. ಆದರೂ ಪ್ರತಿ ಮಳೆಗಾಲ 'ತುಳಸಿ ತುಂಬಿತು' ಎಂದು ಪತ್ರಿಕೆಗಳು ಫೋಟೋ ಹಾಕಿದಾಗ ನಮ್ಮ ಸೊಸೈಟಿಯ ಜನ ತಮ್ಮ ಮನೆಯ ಹಂಡೆಯೇ ತುಂಬಿದಷ್ಟು ಸಂತೋಷಪಡುತ್ತಾರೆ. ನಮಗೆ ಬರುವುದು ಆ ನೀರೇ ಅಲ್ಲ ಎಂದರೂ ಕೇಳುವುದಿಲ್ಲ.

ಮೊದಲು ತುಂಬಿದ್ದು ವಿಹಾರ್. ಬಾವಿ, ಕುಂಟೆಗಳ ನೀರಿನಲ್ಲಿ ಬದುಕಿದ್ದ ಊರಿಗೆ 1854ರ ಬೇಸಿಗೆಯಲ್ಲಿ ನೀರಿನ ಬರ ಬಂತು. ಹೊರಗಿನಿಂದ ನೀರು ಹೊತ್ತು ತರುವ ಸ್ಥಿತಿಯಾಯಿತು. ಹೆನ್ರಿ ಕೋನಿಬೇರ್ ಎಂಬ ಎಂಜಿನಿಯರ್ ಹಾಕಿಕೊಟ್ಟ ಯೋಜನೆಯಂತೆ 1856ರಲ್ಲಿ ಕೆಲಸ ಶುರುವಾಗಿ 1860ರಲ್ಲಿ ವಿಹಾರ್ ಕೆರೆಯ ನೀರು ಕೊಳವೆಯಲ್ಲಿ ಊರಿಗಿಳಿಯಿತು. ಅದೂ ಸಾಲದೆ 1879ರಲ್ಲಿ ಮೇಲಿನ ಕಣಿವೆಯಲ್ಲಿ ತುಳಸಿ ಕೆರೆ ಸಿದ್ಧವಾಯಿತು. ಅಂದರೆ ನಾನು ಆ ದಿನ ಕಾನ್ಹೇರಿಯ ನೆತ್ತಿಯಿಂದ ಕಂಡು ಮರುಳಾದ ನಿಸರ್ಗದತ್ತ ಸರೋವರ ನಿಸರ್ಗದತ್ತವೇನಲ್ಲ. ಬಾಯಾರಿದ ಪೇಟೆಯೊಂದು ಕಟ್ಟಿಸಿಕೊಂಡ ಹಂಡೆ. ಹಂಡೆಗೆ ಕಸ ಬೀಳದಿರಲೆಂದು ಸುತ್ತಲಿನ ಕಾಡನ್ನು ಕಾದರು. ಕಾದ ಕಾಡಿನಲ್ಲಿ ಚಿರತೆ ಉಳಿಯಿತು.

ತುಳಸಿ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನ ತಂಗಿಯ ಮಗ, ಕ್ಯಾಲಿಫೋರ್ನಿಯಾದಲ್ಲಿರುವವ, ರಜೆಗೆ ಬಂದಾಗ ಮರುಕಪಟ್ಟ. ಅವನು ಅಲ್ಲಿ ಯೋಸೆಮಿಟಿ ಬೆಟ್ಟಗಳಲ್ಲಿ ಹೀಗೆ ರಾತ್ರಿ ಕಳೆದವನು. ಅವನ ವರ್ಣನೆಯಲ್ಲಿ ನಕ್ಷತ್ರಗಳಿಗಿಂತ ನಿಯಮಗಳೇ ಹೆಚ್ಚಿದ್ದವು: ಮೊದಲೇ ಪರವಾನಗಿ ತೆಗೆಯಬೇಕು, ನೀರಿನಿಂದ ನೂರು ಅಡಿ ದೂರ ಡೇರೆ ಹಾಕಬೇಕು, ಊಟವನ್ನೆಲ್ಲ ಕರಡಿಗೆ ತೆರೆಯಲು ಬಾರದ ಡಬ್ಬಿಯಲ್ಲಿ ಮುಚ್ಚಿಡಬೇಕು, ತಂದ ಕಸವನ್ನು ಬೆನ್ನ ಮೇಲೇ ಹೊತ್ತು ಇಳಿಯಬೇಕು. ಕೇಳುತ್ತ ಕೇಳುತ್ತ ನನಗೆ ಅದು ಮಡಿಯಲ್ಲಿ ಅಡುಗೆ ಮಾಡುವ ನಮ್ಮ ಅಜ್ಜಿಯ ಕ್ರಮದಂತೆ ಕಂಡಿತು.

'ಇಲ್ಲೂ ಉಂಟು ಮಾವ, ಲೋಣಾವಳದ ಹತ್ತಿರ ಪವನಾ ಲೇಕ್, ಎಲ್ಲರೂ ಹೋಗ್ತಾರೆ,' ಎಂದು ಫೋನಿನಲ್ಲೇ ಬುಕ್ ಮಾಡಿದ. 'ಎಲ್ಲರೂ' ಎಂಬ ಮಾತನ್ನು ನಾನು ಗಮನಿಸಬೇಕಿತ್ತು. ಪವನಾ ಅಣೆಕಟ್ಟಿನ ಹಿನ್ನೀರು ಚೆಲುವೆಯೇ. ಒಂದು ಕಡೆ ತಿಕೋನಾ, ಒಂದು ಕಡೆ ತುಂಗ್, ಕೋಟೆ ಹೊತ್ತ ಬೆಟ್ಟಗಳು ನೀರಿಗೆ ಮುಖ ಇಳಿಬಿಟ್ಟು ನಿಂತಿವೆ. ದಡದಲ್ಲಿ ಸಾಲಾಗಿ ಮದುವೆ ಮನೆಯ ಎಲೆಯಂತೆ ಡೇರೆಗಳು. ಪ್ರತಿ ಸಾಲಿಗೆ ಒಂದು ಸ್ಪೀಕರ್. ನಮ್ಮ ಸಾಲಿನವನು ಹಿಂದಿ ಹಾಕಿದರೆ ಪಕ್ಕದ ಸಾಲಿನವನು ಪಂಜಾಬಿ ಹಾಕುವನು. ಎರಡೂ ನೀರಿನ ಮೇಲೆ ಹೋಗಿ ಬೆಟ್ಟಕ್ಕೆ ತಾಗಿ ಕಲಸಿಕೊಂಡು ಹಿಂದೆ ಬರುತ್ತಿದ್ದವು. ಕೆಂಡದ ಮೇಲೆ ಸುಟ್ಟ ಪನೀರ್ ಬೇಕಾದಷ್ಟು. ರಾತ್ರಿ ಒಂದೂವರೆಗೆ ಅಳಿಯ ಡೇರೆಯೊಳಗಿಂದ ಕ್ಷೀಣವಾಗಿ ಅಂದ: 'ಮಾವ, ಎಚ್ಚರ ಇದ್ದೀರಾ?' ನಾನು ಮಾತಾಡಲಿಲ್ಲ. ಹುಡುಗ ಮೊದಲೇ ನೊಂದಿದ್ದ.

ಹೀಗೆ ಎರಡೂ ಬಾಗಿಲು ಮುಚ್ಚಿದ ಮೇಲೆ ತೆರೆದದ್ದು ಈ ಮೂರನೆಯದು. ಮಹಾರಾಷ್ಟ್ರದ ಕಾಡುಗಳಲ್ಲಿ ವೈಶಾಖದ ಬುದ್ಧ ಪೂರ್ಣಿಮೆಯ ರಾತ್ರಿ ನೀರಿನ ತಾಣಗಳಲ್ಲಿ ಕೂತು ಪ್ರಾಣಿ ಎಣಿಸುವ ರೂಢಿಯಿದೆ. ಮಳೆಗೆ ಇನ್ನೂ ಮೂರು ವಾರ. ಹಳ್ಳಗಳು ಬತ್ತಿರುತ್ತವೆ, ಉಳಿದ ಎರಡೋ ಮೂರೋ ಹೊಂಡಕ್ಕೆ ಪ್ರಾಣಿ ಬರಲೇಬೇಕು. ಬಂದದ್ದು ಕಾಣಲು ಹುಣ್ಣಿಮೆಯ ಬೆಳಕಿದೆ. ಮರಾಠಿಯಲ್ಲಿ ಅಂಥ ತಾಣಕ್ಕೆ ಪಾಣವಠಾ ಎನ್ನುತ್ತಾರೆ. ನಿಜವಾದ ಗಣತಿ ಈಗ ಮರಕ್ಕೆ ಕಟ್ಟಿದ ಕ್ಯಾಮೆರಾಗಳದ್ದು. ಚಿರತೆಯ ಮೈಚುಕ್ಕೆಗಳನ್ನು ಹೋಲಿಸಿ ಒಂದೊಂದನ್ನೂ ಗುರುತಿಸುತ್ತಾರೆ. ಇತ್ತೀಚಿನ ಎಣಿಕೆಗಳಲ್ಲಿ ಈ ಕಾಡಿನ ಚಿರತೆಗಳು ಐವತ್ತರ ಆಸುಪಾಸು. ಹುಣ್ಣಿಮೆಯ ಎಣಿಕೆಯಿಂದ ವಿಜ್ಞಾನಕ್ಕೆ ಹೆಚ್ಚೇನೂ ದಕ್ಕುವುದಿಲ್ಲವೆಂದು ಅರಣ್ಯದವರೇ ಒಪ್ಪುತ್ತಾರೆ. ನನ್ನಂಥವರಿಗೆ ಒಂದು ರಾತ್ರಿ ದಕ್ಕುತ್ತದೆ.

ನಿಯಮಗಳ ಪಟ್ಟಿ ಬಂತು. ಬಿಳಿ, ಕೆಂಪು ಬಟ್ಟೆ ಬೇಡ. ಅತ್ತರು, ಪೌಡರು, ಸೊಳ್ಳೆಯ ಮುಲಾಮು ಬೇಡ. ವಾಸನೆಯ ಊಟ ಬೇಡ. ಹೀಗಾಗಿ ಹೆಂಡತಿಯ ಬೆಳ್ಳುಳ್ಳಿ ಚಟ್ನಿಪುಡಿ ಮನೆಯಲ್ಲೇ ಉಳಿಯಿತು. ಸಂಜೆ ಐದಕ್ಕೆ ಹತ್ತಿದರೆ ಬೆಳಿಗ್ಗೆ ಏಳರ ತನಕ ಇಳಿಯುವಂತಿಲ್ಲ. 'ಅದಕ್ಕೆ?' ಎಂದು ನನ್ನ ವಯಸ್ಸಿನವರು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. 'ಬಾಟಲಿ, ಕಾಕಾ,' ಎಂದ ವನರಕ್ಷಕ ಹುಡುಗ, ಬೇರೆ ಕಡೆ ನೋಡುತ್ತ.

ಠಾಣೆ ಸ್ಟೇಷನ್ನಿನಿಂದ ಬಸ್ಸು ಹಿಡಿದು ಗುಡ್ಡ ಹತ್ತಿದೆ. ಅಲ್ಲಿಂದ ನಡಿಗೆ. ಕಾಲುದಾರಿಯ ಎರಡೂ ಬದಿ ಎದೆಯೆತ್ತರದ ಕಾರ್ವಿ ಪೊದೆ. ಕುರಿಂಜಿಯ ಬಳಗದ ಈ ಗಿಡ ಇಲ್ಲಿ ಎಂಟು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುತ್ತದೆ. 2016ರಲ್ಲಿ ಬಿಟ್ಟಿತ್ತು, ಮತ್ತೆ 2024ರಲ್ಲಿ. ನಮ್ಮೊಡನಿದ್ದ ವಾರ್ಲಿ ಮಾಮಾ ತನ್ನ ವಯಸ್ಸನ್ನು ಅದರಲ್ಲೇ ಎಣಿಸುತ್ತಿದ್ದರು: ನಾನು ಎಂಟು ಕಾರ್ವಿ ಕಂಡವನು. ಅವರ ಮನೆಯ ಗೋಡೆಯೂ ಕಾರ್ವಿಯ ಕಡ್ಡಿಯದೇ, ಮೇಲೆ ಮಣ್ಣು ಸಗಣಿ ಮೆತ್ತಿದ್ದು. ದಕ್ಷಿಣದವರನ್ನೆಲ್ಲ ಕರೆಯುವಂತೆ ನನ್ನನ್ನೂ 'ಅಣ್ಣಾ' ಎಂದರು. ನಾನು ಮಾಮಾ ಎಂದೆ. ಇಬ್ಬರಲ್ಲಿ ಯಾರು ದೊಡ್ಡವರೆಂಬುದು ಕೊನೆಗೂ ತೀರ್ಮಾನವಾಗಲಿಲ್ಲ.

ಬಿದಿರಿನ ಅಟ್ಟಣೆ ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು 'ಮಾಳ!' ಎಂಬ ಮಾತು. ನಮ್ಮೂರಲ್ಲಿ ಭತ್ತ ಹಾಲುಗಟ್ಟುವ ಕಾಲಕ್ಕೆ ಗದ್ದೆಯ ತಲೆಯಲ್ಲಿ ಮಾಳ ಕಟ್ಟುತ್ತಿದ್ದೆವು. ಅಪ್ಪಯ್ಯ ಕಂಬಳಿ ಹೊದ್ದು ಅಲ್ಲಿ ರಾತ್ರಿ ಕಳೆಯುವುದು, ತಾಸಿಗೊಮ್ಮೆ ಡಬ್ಬ ಬಡಿದು 'ಹೋ' ಎಂದು ಕೂಗುವುದು, ಆಚೆ ಗದ್ದೆಯ ಮಾಳದಿಂದ ಇನ್ನೊಬ್ಬರು 'ಹೋ' ಎನ್ನುವುದು. ಹಂದಿ ಬರಬಾರದು, ಕಾಡುಕೋಣ ಬರಬಾರದು. ಬಂದರೆ ವರ್ಷದ ಅನ್ನ ಹೋಯಿತು. ಈಗ ಅವರ ಮಗ ಅಂಥದೇ ಬಿದಿರಿನ ಮೇಲೆ, ಉಸಿರು ಬಿಗಿಹಿಡಿದು, ಬರಲಿ ಬರಲಿ ಎಂದು ಕೂತಿದ್ದಾನೆ. ಅಪ್ಪಯ್ಯ ಇದ್ದಿದ್ದರೆ ನನ್ನ ತಲೆಗೆ ಎಣ್ಣೆ ಹಾಕಿಸುತ್ತಿದ್ದರು.

ಚಿರತೆ ಹೋದ ಮೇಲಿನ ಹತ್ತು ತಾಸಿಗೆ ಬರುತ್ತೇನೆ.

ಕಾಡಿನ ಮೌನ ಎಂದು ಬರೆಯುವವರು ಯೇವೂರಿಗೆ ಬಂದಿಲ್ಲ. ಉತ್ತರದಿಂದ ಘೋಡ್‌ಬಂದರ್ ರಸ್ತೆಯ ಲಾರಿಗಳ ಹಾರ್ನು, ಮೇಲಿನಿಂದ ಇಳಿಯುವ ವಿಮಾನ, ಪೂರ್ವದಿಂದ ಯಾವುದೋ ಹಾಲ್‌ನ ಮದುವೆಯ ಡೋಲು. ವೈಶಾಖವಲ್ಲವೇ, ಲಗ್ನದ ಕಾಲ. ಹತ್ತಕ್ಕೆ ನಿಲ್ಲಬೇಕಾದ ಧ್ವನಿವರ್ಧಕ ಹನ್ನೊಂದೂವರೆಗೆ ನಿಂತಿತು. ಪಶ್ಚಿಮದ ಆಕಾಶ ಇಡೀ ರಾತ್ರಿ ಕಿತ್ತಳೆ ಬಣ್ಣದ್ದು. ಚಂದ್ರನ ಬೆಳಕು ಯಾವುದು, ಬೊರಿವಲಿಯದು ಯಾವುದು ಎಂದು ಬಿಡಿಸಿ ಹೇಳಲಾಗುತ್ತಿರಲಿಲ್ಲ. ಇವುಗಳ ಸಂದಿಯಲ್ಲಿ ನತ್ತಿಂಗವೊಂದು ಒಂದೇ ಸಮನೆ ಕೂಗುತ್ತಿತ್ತು. ಸದ್ದು ಇಲ್ಲದ ಹೊತ್ತಿಗಾಗಿ ಕಾಯದೆ ಸದ್ದಿನ ನಡುವೆಯೇ ಬದುಕು ಸಾಗಿಸುವುದನ್ನು ಅದು ಕಲಿತಿತ್ತು. ಲೋಕಲ್‌ನಲ್ಲಿ ನಿಂತೇ ನಿದ್ದೆ ಮಾಡುವ ನಮ್ಮ ಹಾಗೆ.

ಹತ್ತೂವರೆಗೆ ಹಂದಿಯ ಸಂಸಾರ, ಏಳು. ಹನ್ನೊಂದಕ್ಕೆ ಒಂದು ಪುನುಗು ಬೆಕ್ಕು, ಕಳ್ಳನಂತೆ ಬಂದು ಕಳ್ಳನಂತೆ ಹೋಯಿತು. ಚುಕ್ಕೆ ಜಿಂಕೆಗಳು ತೊಟ್ಟಿಯ ಆಚೆ ಬಹಳ ಹೊತ್ತು ನಿಂತೇ ಇದ್ದವು, ಮೂಸಿದವು, ಕಾಲು ನೆಲಕ್ಕೆ ಬಡಿದವು, ಕುಡಿಯದೆ ಹೊರಟುಹೋದವು. ಎಂಟೂ ಮುಕ್ಕಾಲಿಗೆ ಯಾರು ಬಂದಿದ್ದರೆಂದು ಆ ನೆಲದ ಮೇಲೆ ಅವಕ್ಕೆ ಓದಲು ಬರುತ್ತದೆ. ಬಾಯಾರಿಕೆ ಇದ್ದೂ ಕುಡಿಯದೆ ತಿರುಗಿದ ಆ ಹಿಂಡನ್ನು ಬರೆಯಬೇಕೋ ಬೇಡವೋ ಎಂದು ಹುಡುಗ ಸಂಜ್ಞೆಯಲ್ಲೇ ಕೇಳಿದ. ಮಾಮಾ ಒಂಬತ್ತು ಬೆರಳು ತೋರಿಸಿದರು.

ಕತ್ತು ನೋಯತೊಡಗಿ ಬೆನ್ನು ಬಿದಿರಿಗೆ ಆನಿಸಿದಾಗ ಕಾನ್ಹೇರಿಯ ಹಾಸುಗಲ್ಲು ನೆನಪಾಯಿತು. ಹಿಂದಿನ ದಿನವಷ್ಟೇ ಹೋಗಿದ್ದೆ. ಮುಲುಂಡಿನಿಂದ ಗುಡ್ಡದ ಆಚೆ ಬದಿಗೆ ಹೋಗಲು ಘೋಡ್‌ಬಂದರ್ ಸುತ್ತಿ ಎರಡು ತಾಸು. (ಠಾಣೆ–ಬೊರಿವಲಿ ನಡುವೆ ಇದೇ ಕಾಡಿನ ಅಡಿಯಿಂದ 11.8 ಕಿಲೋಮೀಟರಿನ ಜೋಡಿ ಸುರಂಗ ರಸ್ತೆ ಮಾಡುತ್ತಿದ್ದಾರೆ. ಆದ ಮೇಲೆ ಕೆಲವೇ ನಿಮಿಷವಂತೆ. ನೆತ್ತಿಯ ಮೇಲೆ ಕಾಡಿತ್ತೆಂಬುದು ಕಾರಿನವರಿಗೆ ತಿಳಿಯಲಾರದು.) ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಕ್ರಿಸ್ತಪೂರ್ವ ಮೊದಲ ಶತಮಾನದ ಹೊತ್ತಿಗೆ ಶುರುವಾದ ಕೆಲಸ ಸಾವಿರ ವರ್ಷ ನಡೆಯಿತು. ಪ್ರವಾಸಿಗರೆಲ್ಲ ಮೂರನೆಯ ಗುಹೆಯ ದೊಡ್ಡ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ನನಗೆ ಮೇಲಿನ ಸಾಲಿನ ಪುಟ್ಟ ಕೋಣೆಗಳು ಇಷ್ಟ. ಒಂದು ಜಗಲಿ, ಒಂದು ಕೋಣೆ, ಕೋಣೆಯಲ್ಲಿ ಬಂಡೆಯಲ್ಲೇ ಬಿಟ್ಟ ಒಂದು ಮಲಗುವ ಕಟ್ಟೆ, ಹೊರಗೆ ಎಡಕ್ಕೋ ಬಲಕ್ಕೋ ನೆಲದಡಿ ಕಡಿದ ಒಂದು ನೀರಿನ ತೊಟ್ಟಿ. ಮೇಲಿನ ಬಂಡೆಯ ಮೈಮೇಲೆ ಬೆರಳಗಲದ ಕಾಲುವೆ ಕೊರೆದು ಮಳೆನೀರನ್ನು ತೊಟ್ಟಿಯ ಬಾಯಿಗೆ ತಿರುಗಿಸಿದ್ದಾರೆ. ಮೇ ತಿಂಗಳಲ್ಲೂ ಕೆಲವು ತೊಟ್ಟಿಗಳಲ್ಲಿ ನೀರಿತ್ತು, ಕಪ್ಪಗೆ, ತಣ್ಣಗೆ.

ಅಲ್ಲಿನ ಪ್ರಾಕೃತ ಶಾಸನಗಳಲ್ಲಿ ಈ ತೊಟ್ಟಿಗೆ 'ಪೊಢಿ' ಎಂಬ ಹೆಸರು. ಕಲ್ಯಾಣದ ವ್ಯಾಪಾರಿ, ಸೋಪಾರದ ಗೃಹಸ್ಥ, ಯಾರ್ಯಾರೋ ಒಂದು ಕೋಣೆ, ಒಂದು ಪೊಢಿ ಎಂದು ದಾನ ಕೊಟ್ಟು ಹೆಸರು ಕೆತ್ತಿಸಿದ್ದಾರೆ. ಕೋಣೆ ಕೊಟ್ಟವನು ನೀರನ್ನು ಮರೆತರೆ ಕೋಣೆ ವ್ಯರ್ಥವೆಂದು ಅವರಿಗೆ ಗೊತ್ತಿತ್ತು; ನಮ್ಮ ಬಿಲ್ಡರುಗಳಿಗೆ ಗೊತ್ತಿದ್ದಂತಿಲ್ಲ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ತಿರುಗಾಟ ನಿಲ್ಲಿಸಿ ಒಂದೆಡೆ ತಂಗುವುದು ಬೌದ್ಧರ ಹಳೆಯ ಕಟ್ಟಳೆ. ಹಾಗೆ ಮಳೆಗೆ ತಂಗಿದವರ ಬಿಡಾರವೇ ಬರಬರುತ್ತ ಕಲ್ಲಾಯಿತು. ಈ ಬೆಟ್ಟದಲ್ಲಿ ರಾತ್ರಿ ಕಳೆಯಲು ಬಂದ ಮೊದಲ ಹೊರಗಿನವರು ಅವರೇ ಇರಬೇಕು.

ಕನ್ನಡಿಗನಾಗಿ ನಾನು ಪ್ರತಿ ಸಲ ಹುಡುಕಿಕೊಂಡು ಹೋಗುವುದು ಹನ್ನೊಂದನೆಯ ಗುಹೆಯನ್ನು, ದರ್ಬಾರ್ ಗುಹೆ ಎನ್ನುತ್ತಾರೆ. ಅಲ್ಲಿ ಶಕ 775ರ, ಅಂದರೆ 9ನೆಯ ಶತಮಾನದ ನಡುವಿನ ಒಂದು ಶಾಸನವಿದೆ. ರಾಜ ಯಾರು? ನಮ್ಮ ರಾಷ್ಟ್ರಕೂಟರ ಅಮೋಘವರ್ಷ. 'ಕವಿರಾಜಮಾರ್ಗ'ದ ಜೊತೆ ನಾವು ನೆನೆಯುವ ನೃಪತುಂಗ. ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರ ಕಪರ್ದಿಯ ಕಾಲದಲ್ಲಿ ಗೌಡ ದೇಶದಿಂದ, ಈಗಿನ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರ ಎಂಬ ಭಕ್ತ ಭಿಕ್ಷುಗಳಿಗೆ ಧ್ಯಾನದ ಕೋಣೆ ಮತ್ತು ಬಟ್ಟೆಗಾಗಿ ನೂರು ದ್ರಮ್ಮ ಕೊಟ್ಟ. ಮಳಖೇಡದ ದೊರೆ, ಕೊಂಕಣದ ಮಾಂಡಲಿಕ, ಬಂಗಾಳದ ದಾನಿ, ಎಲ್ಲರೂ ಒಂದು ಬಂಡೆಯ ಮೇಲೆ. ಮುಂಬಯಿ ಎಂಬ ಊರು ಹುಟ್ಟುವ ಮೊದಲೇ ಇಲ್ಲಿ ಮುಂಬಯಿಯ ಲಕ್ಷಣ ಇತ್ತು. ಇನ್ನೊಂದು ಗುಹೆಯಲ್ಲಿ 1009ರಲ್ಲಿ ಮತ್ತೆ 1021ರಲ್ಲಿ ನೋಡಲು ಬಂದ ಪಾರಸಿಗಳ ತಂಡಗಳು ಪಹ್ಲವಿ ಲಿಪಿಯಲ್ಲಿ ತಮ್ಮ ತಮ್ಮ ಹೆಸರು ಕೆತ್ತಿವೆ. ಈಗ ಹಾಗೆ ಮಾಡಿದರೆ ದಂಡ. ಸಾವಿರ ವರ್ಷ ತಾಳಿಕೊಂಡರೆ ಇತಿಹಾಸ.

ಒಂದು ಗಂಟೆಯ ಮೇಲೆ ನಿಜವಾಗಿಯೂ ಸದ್ದಡಗಿತು. ಕಾಂಡೋಳ ಮರದ ಬಿಳಿ ಬೊಡ್ಡೆ ಬೆಳದಿಂಗಳಲ್ಲಿ ಮೈಮೇಲೆ ಬಟ್ಟೆಯಿಲ್ಲದ ಮನುಷ್ಯನಂತೆ ನಿಂತಿತ್ತು. ಹುಡುಗ ಕೂತಲ್ಲೇ ನಿದ್ದೆಹೋದ. ಮಾಮಾ ಪಿಸುದನಿಯಲ್ಲಿ, ನಿಯಮ ಮುರಿದು, ಮಾತಾಡಿದರು.

'2004ರಲ್ಲಿ ನೀವು ಇಲ್ಲಿದ್ದಿರಾ ಅಣ್ಣಾ?'

ಇದ್ದೆ. ಆ ವರ್ಷ ಈ ಕಾಡಿನಂಚಿನಲ್ಲಿ ಚಿರತೆಗಳು ಒಂದಾದ ಮೇಲೊಂದು ಜನರ ಮೇಲೆ ಬಿದ್ದವು. ಜೂನ್ ತಿಂಗಳಂತೂ ಬೆಳಗಿನ ಪೇಪರ್ ತೆರೆಯಲು ಹೆದರಿಕೆ. ಮುಲುಂಡಿನಲ್ಲಿ ಸಂಜೆ ಏಳರ ಮೇಲೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಆಗೆಲ್ಲ ಎಲ್ಲೋ ಕಂಡ ಚಿರತೆಯನ್ನು ಬೋನಿನಲ್ಲಿ ಹಿಡಿದು ತಂದು ಇನ್ನೆಲ್ಲೋ ಕಾಡಿಗೆ ಬಿಡುತ್ತಿದ್ದರು. ಗುರುತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ಇನ್ನಷ್ಟು ಅಪಾಯ ಎಂಬುದು ವಿದ್ಯಾ ಆತ್ರೇಯರಂಥ ಸಂಶೋಧಕರ ಕೆಲಸದಿಂದ ಆಮೇಲೆ ಸ್ಪಷ್ಟವಾಯಿತು. ಹಿಡಿದು ಬಿಡುವುದು ನಿಂತಿತು. ಕಸ ತೆಗೆಯಿರಿ, ದೀಪ ಹಾಕಿ, ಮಕ್ಕಳನ್ನು ಒಬ್ಬೊಬ್ಬರೇ ಬಿಡಬೇಡಿ ಎಂದು ಜನರಿಗೆ ಹೇಳುವ ಕೆಲಸ ಶುರುವಾಯಿತು.

'ಹೊರಗಿನವು ಅವು,' ಎಂದರು ಮಾಮಾ. 'ನಮ್ಮವಕ್ಕೆ ನಮ್ಮ ಗುರುತಿದೆ.' ಸಂಶೋಧಕರು ವರ್ಷಗಟ್ಟಲೆ ಕಷ್ಟಪಟ್ಟು ಹೇಳಿದ್ದನ್ನು ಎರಡು ಮಾತಿನಲ್ಲಿ ಹೇಳಿಬಿಟ್ಟರು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಅದು ಪೂರ್ತಿ ಸರಿಯಲ್ಲ. ಅವರ ಪಾಡಾದ, ಅಂದರೆ ಹಾಡಿಯ, ನಾಯಿಗಳನ್ನು ಒಯ್ದದ್ದೂ ಈ 'ನಮ್ಮವೇ'. ಅದಕ್ಕೂ ಅವರಲ್ಲಿ ಲೆಕ್ಕವಿದೆ. ಕಾಡಿನಲ್ಲಿ ವಾಘೋಬಾನ ಕಲ್ಲಿದೆ, ದೀಪಾವಳಿಗೆ ಮುಂಚಿನ ವಾಘಬಾರಸ್ ದಿನ ಅಲ್ಲಿ ಪೂಜೆ. ನಮ್ಮ ಕಡೆಯೂ ದೀಪಾವಳಿಗೇ ಹುಲಿದೇವರ ಪೂಜೆ, ಕಾಡಂಚಿನ ಕಲ್ಲಿಗೇ, ದನಕರು ಉಳಿಸಪ್ಪಾ ಎಂದೇ ಎಂದೆ. ಮಾಮಾ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: 'ನಿಮ್ಮಲ್ಲಿ ಕೋಳಿಯೋ, ತೆಂಗಿನಕಾಯಿಯೋ?' ತೆಂಗಿನಕಾಯಿ ಎಂದೆ. ನಮ್ಮ ಹುಲಿದೇವರ ಬಗ್ಗೆ ಅವರಿಗೆ ಕನಿಕರ ಬಂದಂತಿತ್ತು.

ಮೂರು ಗಂಟೆಗೆ ಆ ರಾತ್ರಿಯ ಅತಿ ದೊಡ್ಡ ಗೊಂದಲ. ಬೀದಿನಾಯಿ ಒಂದು ಬಂತು. ಒಂದು ಕಿವಿ ಹರಿದ, ಪಕ್ಕೆಲುಬು ಕಾಣುವ, ಠಾಣೆಯ ಯಾವುದೇ ಪಾನ್ ಅಂಗಡಿಯ ಮುಂದೆ ಮಲಗಿರಬಹುದಾದಂಥ ನಾಯಿ. ಚಿರತೆ ಕುಡಿದ ಜಾಗದಲ್ಲೇ ನಿಂತು, ಏನೂ ಆಗಿಲ್ಲವೆಂಬಂತೆ ಹೊಟ್ಟೆತುಂಬ ಕುಡಿದು, ತೊಟ್ಟಿಯ ಮೂಲೆಗೆ ಕಾಲೆತ್ತಿ ಹೋಯಿತು. ಎಚ್ಚರಗೊಂಡ ಹುಡುಗ ಪೆನ್ನು ಹಿಡಿದು ನಿಂತ. ನಮೂನೆಯಲ್ಲಿ ನಾಯಿಗೆ ಜಾಗವಿಲ್ಲ. ಬರೆಯದಿದ್ದರೆ ಬಂದ ಪ್ರಾಣಿಯನ್ನು ಬಿಟ್ಟಂತೆ, ಬರೆದರೆ ಮೇಲಿನವರು ನಗುತ್ತಾರೆ. ಮಾಮಾ ಪಿಸುಗುಟ್ಟಿದರು: 'ಬರೆ. ಅದರ ಊಟ ಅದು.' ಚಿರತೆಯ ಸಾಲಿನ ಪಕ್ಕದಲ್ಲೇ ಷರಾ ಎಂಬ ಕಡೆ ಹುಡುಗ ಬರೆದ: ಕುತ್ರಾ, 1.

ಐದಕ್ಕೆ ಮಡಿವಾಳ ಹಕ್ಕಿ ಬಾಯಿ ಬಿಟ್ಟಿತು, ಆಮೇಲೆ ಕೆಂಬೂತ. ಏಳಕ್ಕೆ ಇಳಿದಾಗ ನನ್ನ ಮಂಡಿಗಳು ನನ್ನವಾಗಿರಲಿಲ್ಲ. ಮಾಮಾ ಕಂಕುಳಿಗೆ ಕೈಕೊಟ್ಟು ಇಳಿಸಿದರು. ದಾರಿಯಲ್ಲಿ ಕವಳಿ ಹಣ್ಣು ಕಿತ್ತು ಮುತ್ತುಗದ ಎಲೆಯಲ್ಲಿ ಕೊಟ್ಟರು. ಪಾಡಾದ ಹತ್ತಿರ ಬೋರ್‌ವೆಲ್ಲಿನ ಮುಂದೆ ಕೊಡಗಳ ಸಾಲಿತ್ತು. ಸಾಲಿನಲ್ಲಿ ಅವರ ಸೊಸೆಯೂ ಇದ್ದಳು. 'ಕೆರೆಗಳು ಇಲ್ಲೇ ಗುಡ್ಡದಾಚೆ,' ಎಂದರು ಮಾಮಾ, ದೂರುವ ದನಿಯಲ್ಲಲ್ಲ, ದಾರಿ ತೋರಿಸುವವರಂತೆ ಕೈ ಚಾಚಿ. 'ನೀರು ಮಾತ್ರ ಕೊಳವೆಯಲ್ಲಿ ಕೆಳಗೆ ಹೋಗುತ್ತದೆ.' ನಾನು ಆ ಕಡೆ ನೋಡಿದೆ. ಕಾರ್ವಿಯ ಇಳಿಜಾರು, ಅದರಾಚೆ ಇನ್ನೊಂದು ಇಳಿಜಾರು. ತುಳಸಿ ಕಾಣಲಿಲ್ಲ.

ಹಿಂದಿನಿಂದ ಟ್ಯಾಂಕರೊಂದು ಏದುಸಿರು ಬಿಡುತ್ತ ಹತ್ತಿಬಂತು. ತೊಟ್ಟಿ ತುಂಬಲು. ಚಾಲಕ ತಲೆ ಹೊರಗೆ ಹಾಕಿ, 'ಬಂತಾ?' ಎಂದ. ಹುಡುಗ ಹೆಬ್ಬೆರಳೆತ್ತಿದ.

ಮನೆ ತಲುಪಿದಾಗ ಒಂಬತ್ತೂವರೆ. ನಮ್ಮ ಕಟ್ಟಡಕ್ಕೆ ನೀರು ಬೆಳಿಗ್ಗೆ ಐದೂ ಹತ್ತಕ್ಕೆ ಬಂದು ಆರೂವರೆಗೆ ಹೋಗುತ್ತದೆ. ನಲವತ್ತು ವರ್ಷದಲ್ಲಿ ಆ ಹೊತ್ತಿಗೆ ನಾನು ಮನೆಯಲ್ಲಿಲ್ಲದ ದಿನಗಳು ಕಡಿಮೆ. ಹೆಂಡತಿ ಬಾಗಿಲು ತೆರೆದು ನನ್ನ ಅವತಾರ ನೋಡಿ, 'ಬಚ್ಚಲಲ್ಲಿ ಒಂದು ಬಕೆಟ್ ಹಿಡಿದಿಟ್ಟಿದ್ದೇನೆ, ಅದರಲ್ಲೇ ಮುಗಿಸಿ,' ಎಂದಳು. ಆಮೇಲೆ ಕೇಳಿದಳು:

'ಚಿರತೆ ಬಂತಾ?'

'ಬಂತು. ಎಂಟೂ ಮುಕ್ಕಾಲಿಗೇ.'

'ಮತ್ತೆ ಬೆಳಗಿನ ತನಕ ಅಲ್ಲಿ ಎಂತ ಮಾಡ್ತಿದ್ರಿ?'